ದೇಣಿಗೆ ಯಾರಿಗೆ? ಗಿವ್‌ವೆಲ್ ಮತ್ತು ಅನಿಮಲ್ ಚಾರಿಟಿ ಇವ್ಯಾಲ್ಯುಯೇಟರ್ಸ್: ಒಬ್ಬ ದಾನಿಯ ವಿಮರ್ಶೆ

ವರ್ಷಕ್ಕೊಮ್ಮೆ ದೇಣಿಗೆಗೆಂದು ತೆಗೆದಿಡುವ ಹಣವನ್ನು ಯಾರಿಗೆ ಕೊಡಬೇಕೆಂದು ತೀರ್ಮಾನಿಸಲು ಆರು ವರ್ಷಗಳಿಂದ ನಾನು ಎರಡು ಜಾಲತಾಣಗಳ ನೆರವು ಪಡೆಯುತ್ತಿದ್ದೇನೆ. ಒಂದು, ಬಡ ದೇಶಗಳಲ್ಲಿ ಜನರ ಜೀವ ಉಳಿಸುವ ಕಾರ್ಯಕ್ರಮಗಳನ್ನು ತೂಗಿ ನೋಡುವ ಗಿವ್‌ವೆಲ್. ಇನ್ನೊಂದು, ಪ್ರಾಣಿಗಳಿಗಾಗಿ ದುಡಿಯುವ ಸಂಸ್ಥೆಗಳನ್ನು ಪರಿಶೀಲಿಸುವ ಅನಿಮಲ್ ಚಾರಿಟಿ ಇವ್ಯಾಲ್ಯುಯೇಟರ್ಸ್. ಎರಡರ ವರದಿಗಳೂ ಉಚಿತವಾಗಿ ಓದಲು ಸಿಗುತ್ತವೆ.

ಅದಕ್ಕೂ ಮೊದಲು ನಾನು ಚಿತ್ರ ನೋಡಿ ಹಣ ಕಳಿಸುತ್ತಿದ್ದೆ. ಕಾಲು ಮುರಿದ ನಾಯಿಯೊಂದರ ಚಿಕಿತ್ಸೆಗೆಂದು ಒಂದು ಸಂಸ್ಥೆಗೆ ದೇಣಿಗೆ ಕೊಟ್ಟು, ಆ ನಾಯಿ ಬದುಕಿತೇ ಎಂದು ಕೇಳಿ ಎರಡು ಸಲ ಬರೆದೆ. ಎರಡು ಸಲವೂ ಬಂದದ್ದು ಇನ್ನೊಂದು ಪ್ರಾಣಿಯ ಚಿತ್ರ, ಇನ್ನೊಂದು ಮನವಿ. ಆಮೇಲೆ ಆಡಳಿತ ವೆಚ್ಚ ನೂರಕ್ಕೆ ಎಷ್ಟು ಎಂಬ ಒಂದೇ ಅಳತೆ ಹಿಡಿದು ಸಂಸ್ಥೆಗಳನ್ನು ಆರಿಸತೊಡಗಿದೆ. ಆ ಅಳತೆಯೂ ಸಾಲದು. ಆಡಳಿತ ವೆಚ್ಚವೊಂದನ್ನೇ ನೋಡಿ ಸಂಸ್ಥೆಯನ್ನು ಅಳೆಯಬೇಡಿ ಎಂದು 2013ರಲ್ಲಿ ದಾನಿಗಳಿಗೆ ಬಹಿರಂಗ ಪತ್ರ ಬರೆದವರಲ್ಲಿ, ನಕ್ಷತ್ರಗಳ ಮೂಲಕ ಸಂಸ್ಥೆಗಳಿಗೆ ದರ್ಜೆ ನೀಡುವ ಚಾರಿಟಿ ನ್ಯಾವಿಗೇಟರ್‌ನ ಮುಖ್ಯಸ್ಥರೂ ಇದ್ದರು. ಪ್ರಯೋಜನಕ್ಕೆ ಬಾರದ ಕೆಲಸವನ್ನು ಬಹಳ ಮಿತವ್ಯಯದಿಂದ ಮಾಡುವ ಸಂಸ್ಥೆಗೂ ಆ ಅಳತೆಯಲ್ಲಿ ಒಳ್ಳೆಯ ಅಂಕವೇ ಸಿಗುತ್ತದೆ.

ಗಿವ್‌ವೆಲ್ 2007ರಲ್ಲಿ ಆರಂಭವಾಯಿತು. ಅದರ ಅಗ್ರಪಟ್ಟಿ ತೀರಾ ಚಿಕ್ಕದು: ಮಲೇರಿಯಾ ತಡೆಯುವ ಔಷಧಿ ಮತ್ತು ಸೊಳ್ಳೆಪರದೆ, ಮಕ್ಕಳಿಗೆ ಎ ಜೀವಸತ್ವ, ಲಸಿಕೆ ಹಾಕಿಸುವ ತಾಯಂದಿರಿಗೆ ಪ್ರೋತ್ಸಾಹಧನ. ಇವುಗಳ ಮೂಲಕ ಒಂದು ಜೀವ ಉಳಿಸಲು ಸರಿಸುಮಾರು 3,000ದಿಂದ 5,500 ಡಾಲರ್ ಬೇಕಾಗುತ್ತದೆ ಎಂಬುದು ಅದರ ಅಂದಾಜು. ಈ ಅಂಕಿಗಿಂತಲೂ ಅದು ಹುಟ್ಟಿದ ಸ್ಪ್ರೆಡ್‌ಶೀಟ್ ನನಗೆ ಮುಖ್ಯವಾಗಿ ಕಂಡಿತು. ಅದನ್ನು ಯಾರು ಬೇಕಾದರೂ ನಕಲು ಮಾಡಿಕೊಂಡು, ತಮಗೆ ಒಪ್ಪದ ಊಹೆಗಳನ್ನು ಬದಲಿಸಿ, ಫಲಿತಾಂಶ ಎಷ್ಟು ಸರಿಯುತ್ತದೆಂದು ನೋಡಬಹುದು. ಐದು ವರ್ಷದೊಳಗಿನ ಒಂದು ಮಗುವಿನ ಜೀವ ಉಳಿಯುವುದನ್ನು, ಒಬ್ಬ ಬಡ ವ್ಯಕ್ತಿಯ ಒಂದು ವರ್ಷದ ಜೀವನ ವೆಚ್ಚದ ಸಾಮರ್ಥ್ಯ ಇಮ್ಮಡಿಯಾಗುವುದರ ಜೊತೆ ಹೋಲಿಸುವ ಸಾಲೊಂದು ಅದರಲ್ಲಿದೆ. ಅದನ್ನು ಮೊದಲ ಬಾರಿ ನೋಡಿದಾಗ ಮನಸ್ಸಿಗೆ ಕಸಿವಿಸಿಯಾಯಿತು. ಆದರೆ ಹಣ ಹಂಚುವ ಪ್ರತಿಯೊಬ್ಬರೂ ಈ ಹೋಲಿಕೆಯನ್ನು ಒಳಗೊಳಗೇ ಮಾಡುತ್ತಾರೆ. ಇವರು ಅದನ್ನು ಕಾಣುವಂತೆ ಬರೆದಿಟ್ಟಿದ್ದಾರೆ, ಮತ್ತು ಆ ತೂಕವನ್ನು ನಿರ್ಧರಿಸುವಾಗ ಘಾನಾ, ಕೀನ್ಯಾ ದೇಶಗಳ ಬಡ ಕುಟುಂಬಗಳ ಅಭಿಪ್ರಾಯ ಕೇಳಿದ ಸಮೀಕ್ಷೆಯನ್ನೂ ಗಣನೆಗೆ ತೆಗೆದುಕೊಂಡಿದ್ದಾರೆ.

ನನ್ನ ವಿಶ್ವಾಸ ಗಟ್ಟಿಯಾದದ್ದು ಅವರು ತಮ್ಮ ತಪ್ಪುಗಳಿಗೆಂದೇ ಮೀಸಲಿಟ್ಟ ಪುಟ ಓದಿದ ಮೇಲೆ. ಶಿಫಾರಸು ಹಿಂದಕ್ಕೆ ಪಡೆಯಲೂ ಅವರು ಹಿಂಜರಿಯುವುದಿಲ್ಲ. ಬಾಂಗ್ಲಾದೇಶದಲ್ಲಿ ಕೆಲಸ ಸಿಗದ ತಿಂಗಳುಗಳಲ್ಲಿ ಬಡವರು ಪಟ್ಟಣಕ್ಕೆ ಗುಳೆ ಹೋಗಲು ಪ್ರಯಾಣದ ಖರ್ಚಿಗೆ ಸಾಲ ಕೊಡುವ ಕಾರ್ಯಕ್ರಮವೊಂದು ಅಗ್ರಪಟ್ಟಿಯಲ್ಲಿತ್ತು. ಸಣ್ಣ ಪ್ರಯೋಗದಲ್ಲಿ ಕಂಡ ಫಲ ದೊಡ್ಡ ಪ್ರಮಾಣದಲ್ಲಿ ಕಾಣದೆ ಹೋದಾಗ, 2018ರಲ್ಲಿ ಅದನ್ನು ಪಟ್ಟಿಯಿಂದ ತೆಗೆಯಲಾಯಿತು. ಮರುವರ್ಷ ಅದನ್ನು ನಡೆಸುತ್ತಿದ್ದ ಸಂಸ್ಥೆಯೇ ಕಾರ್ಯಕ್ರಮವನ್ನು ನಿಲ್ಲಿಸಿತು. ದಾನಿಯಾಗಿ ನನಗೆ ಬೇಕಾದ ಸೇವೆ ಇದೇ.

ಅನಿಮಲ್ ಚಾರಿಟಿ ಇವ್ಯಾಲ್ಯುಯೇಟರ್ಸ್ ಮೇಲೆ ನನಗೆ ಅಷ್ಟೇ ಭರವಸೆಯಿಲ್ಲ, ಆದರೂ ಅದು ನನ್ನ ನೋಟವನ್ನು ಹೆಚ್ಚು ಬದಲಿಸಿತು. ಪ್ರಾಣಿದಯೆ ಎಂದರೆ ನಾಯಿ, ಬೆಕ್ಕು, ಕುದುರೆ ಎಂದುಕೊಂಡಿದ್ದವನಿಗೆ, ಜಗತ್ತಿನಲ್ಲಿ ವರ್ಷಕ್ಕೆ ಏಳು ಸಾವಿರ ಕೋಟಿಗೂ ಹೆಚ್ಚು ಕೋಳಿಗಳನ್ನು ಮಾಂಸಕ್ಕಾಗಿ ಕೊಲ್ಲಲಾಗುತ್ತದೆ ಎಂಬುದು ಬರೀ ಅಂಕಿಯಾಗಿ ಉಳಿಯಲಿಲ್ಲ. ಒಂದು ಎ4 ಹಾಳೆಯನ್ನು ಮೇಜಿನ ಮೇಲಿಟ್ಟು ನೋಡಿದೆ. ಮೊಟ್ಟೆ ಕೋಳಿಗಳನ್ನು ತುಂಬಿಡುವ ತಂತಿ ಪಂಜರಗಳಲ್ಲಿ ಒಂದು ಕೋಳಿಗೆ ಅಷ್ಟು ಜಾಗವೂ ಸಿಗುವುದಿಲ್ಲ. ರೆಕ್ಕೆ ಬಿಚ್ಚಲಾಗದೆ ಅದು ತನ್ನ ಆಯುಸ್ಸು ಕಳೆಯಬೇಕು. ಐರೋಪ್ಯ ಒಕ್ಕೂಟ ಅಂಥ ಪಂಜರಗಳನ್ನು 2012ರಿಂದ ನಿಷೇಧಿಸಿದೆ, ಬೇರೆ ಅನೇಕ ಕಡೆ ಅವು ಇನ್ನೂ ಇವೆ. ಪಂಜರ ಬಿಡಿಸುವಂತೆ ಕಂಪನಿಗಳ ಮೇಲೆ ಒತ್ತಡ ತರುವ ಸಂಘಟನೆಗಳಿಗೆ ಈ ತಾಣ ಏಕೆ ಮಹತ್ವ ಕೊಡುತ್ತದೆ ಎಂಬುದು ಆ ಹಾಳೆಯ ಮುಂದೆ ನಿಂತಾಗ ಅರ್ಥವಾಯಿತು.

ಕೊರತೆಯಿರುವುದು ಪುರಾವೆಯಲ್ಲಿ. ಸೊಳ್ಳೆಪರದೆ ಸಾವನ್ನು ತಗ್ಗಿಸುತ್ತದೆಯೇ ಎಂಬುದಕ್ಕೆ ಹಲವು ದೇಶಗಳಲ್ಲಿ ನಡೆದ ಪ್ರಯೋಗಗಳ ಆಧಾರವಿದೆ. ಒಂದು ಕಂಪನಿ ಪಂಜರ ಬಿಡುತ್ತೇನೆಂದು ಮಾತು ಕೊಟ್ಟರೆ, ಅದು ಯಾವ ಸಂಘಟನೆಯ ಒತ್ತಡದಿಂದ, ಆ ಮಾತು ಎಷ್ಟರ ಮಟ್ಟಿಗೆ ಜಾರಿಗೆ ಬರುತ್ತದೆ ಎಂಬುದನ್ನು ಅಷ್ಟು ಖಚಿತವಾಗಿ ಅಳೆಯಲಾಗದು. ಆದ್ದರಿಂದ ಇಲ್ಲಿನ ಶಿಫಾರಸುಗಳನ್ನು ದಿಕ್ಕು ತೋರುವ ಸೂಚನೆಗಳೆಂದಷ್ಟೇ ಪರಿಗಣಿಸುತ್ತೇನೆ.

ಯುದ್ಧ, ಭೂಕಂಪಗಳಂಥ ತುರ್ತುಗಳಿಗೆ ಈ ಎರಡೂ ತಾಣಗಳಿಂದ ಹೆಚ್ಚಿನ ನೆರವು ಸಿಗದು. ಅಲ್ಲಿ ನಾನು, ಇದಕ್ಕೇ ಬಳಸಿ ಎಂಬ ಷರತ್ತಿಲ್ಲದ ದೇಣಿಗೆಯನ್ನೇ ಕೊಡುತ್ತೇನೆ. 2004ರ ಸುನಾಮಿಯ ನಂತರ, ಆ ಕೆಲಸಕ್ಕೆ ಬೇಕಾದಷ್ಟು ಹಣ ಬಂದಿದೆ, ಉಳಿದದ್ದನ್ನು ಬೇರೆ ಸಂಕಟಗಳಿಗೆ ಬಳಸಲು ಅನುಮತಿ ಕೊಡಿ ಎಂದು ದಾನಿಗಳನ್ನು ಕೇಳಿದ ಎಂಎಸ್‌ಎಫ್ (ಗಡಿಗಳಿಲ್ಲದ ವೈದ್ಯರು) ಎಂಬ ವೈದ್ಯರ ಸಂಸ್ಥೆ ನನ್ನ ಮೊದಲ ಆಯ್ಕೆ.

ಮನುಷ್ಯರಿಗೆಷ್ಟು, ಪ್ರಾಣಿಗಳಿಗೆಷ್ಟು ಎಂಬ ಪಾಲನ್ನು ಯಾವ ತಾಣವೂ ನನ್ನ ಪರವಾಗಿ ನಿರ್ಧರಿಸಿಕೊಡಲಿಲ್ಲ. ಸದ್ಯ ಮೂರರಲ್ಲಿ ಎರಡು ಪಾಲು ಮನುಷ್ಯರಿಗೆ, ಒಂದು ಪಾಲು ಪ್ರಾಣಿಗಳಿಗೆ ಕೊಡುತ್ತಿದ್ದೇನೆ.

ಪ್ರಾಣಿಗಳ ಪಾಲಿನಲ್ಲಿ ಒಂದು ಭಾಗ ಮಾತ್ರ ಯಾವ ಪಟ್ಟಿಯಲ್ಲೂ ಇಲ್ಲದ, ಬೀದಿನಾಯಿಗಳಿಗೆ ಲಸಿಕೆ ಹಾಕುವ ಚಿಕ್ಕ ಸಂಸ್ಥೆಗೆ ಹೋಗುತ್ತದೆ. ರೇಬೀಸ್ ಹರಡುವುದನ್ನು ತಡೆಯಲು ಒಂದು ಪ್ರದೇಶದ ನಾಯಿಗಳಲ್ಲಿ ನೂರಕ್ಕೆ ಸುಮಾರು 70ಕ್ಕೆ ಲಸಿಕೆ ಬಿದ್ದಿರಬೇಕು. ನೀವು ಎಷ್ಟು ತಲುಪಿದ್ದೀರಿ ಎಂದು ಹಲವು ಸಂಸ್ಥೆಗಳಿಗೆ ಬರೆದು ಕೇಳಿದ್ದೆ. ಇವರು ಮರುದಿನವೇ ಬೀದಿವಾರು ಲೆಕ್ಕ ಕಳಿಸಿ, ಈ ವರ್ಷ ಅರ್ಧದಷ್ಟು ನಾಯಿಗಳಿಗೂ ಹಾಕಲಾಗಲಿಲ್ಲ, ಹಿಡಿಯುವವರು ಸಾಲಲಿಲ್ಲ ಎಂದು ಬರೆದಿದ್ದರು.