ಒಂದೇ ಜಗಲಿ, ಮೂರು ಹೂಜಿ ಗಿಡ

ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವ ರಸ್ತೆಯಲ್ಲಿ ನಮ್ಮ ಮನೆ. ಮೂರು ವರ್ಷದ ಹಿಂದೆ ಜಗಲಿ ಮೇಲೆ, ಎಲೆಯನ್ನೇ ಹೂಜಿ ಮಾಡಿಕೊಂಡು ಅದರಲ್ಲಿ ಬಿದ್ದದ್ದನ್ನು ಅರಗಿಸಿಕೊಳ್ಳುವ ಗಿಡಗಳ ಮೂರು ಕುಂಡ ಸಾಲಾಗಿ ಇಟ್ಟೆ: ಒಂದು ವೆಂಟ್ರಾಟಾ, ಒಂದು ಆಂಪ್ಯುಲೇರಿಯಾ, ಒಂದು ಸರಸೇನಿಯಾ. ಮಾರುವವರ ಬಾಯಲ್ಲಿ ಮೂರೂ 'ಪಿಚರ್ ಪ್ಲಾಂಟ್'. ಹೆಸರು ಒಂದಾದರೂ ಬೇಡಿಕೆ ಒಂದಕ್ಕೊಂದು ತಾಳೆಯಾಗುವುದಿಲ್ಲ ಅನ್ನೋದು ಆಮೇಲೆ ಗೊತ್ತಾಯಿತು. ಇವತ್ತು ಒಂದು ಕುಂಡದಲ್ಲಿ ಕೊತ್ತಂಬರಿ ಬೆಳೆದಿದೆ.

ಆ ಖಾಲಿಯಾದ ಕುಂಡ ಸರಸೇನಿಯಾದ್ದು. ಉತ್ತರ ಅಮೆರಿಕದ ಜವುಗು ನೆಲದ ಗಿಡ, ಉಳಿದೆರಡರ (ಅವು ನೆಪೆಂತಿಸ್ ಗುಂಪಿನವು) ಕುಟುಂಬವೂ ಅಲ್ಲ. ಹೂಜಿ ಎಲೆತುದಿಯಲ್ಲಿ ತೂಗದೆ, ನೆಲದಿಂದಲೇ ಕಹಳೆಯ ಹಾಗೆ ಎದ್ದು ನಿಲ್ಲುತ್ತದೆ. ಚೆಂದ, ಅದರಲ್ಲಿ ಎರಡು ಮಾತಿಲ್ಲ. ಆದರೆ ಇದಕ್ಕೆ ದಿನಕ್ಕೆ ಆರು ಗಂಟೆ ನೇರ ಬಿಸಿಲು ಬೇಕು. ವರ್ಷಕ್ಕೆ ಮೂರು ನಾಲ್ಕು ತಿಂಗಳು ನಿಜವಾದ ಚಳಿಯಲ್ಲಿ ಮಲಗಬೇಕು. ನಮ್ಮಲ್ಲಿ ಆರಿದ್ರಾ ಮಳೆ ಹಿಡಿದರೆ ಸೂರ್ಯನ ಮುಖ ಕಾಣುವುದೇ ಅಪರೂಪ, ಡಿಸೆಂಬರ್‌ನಲ್ಲೂ ಮಧ್ಯಾಹ್ನ ಅಂಗಿ ಬೆವರುತ್ತದೆ. ಮೊದಲ ಮಳೆಗಾಲಕ್ಕೆ ಕಹಳೆಗಳು ಸೊಪ್ಪಿನ ಹಾಗೆ ಬಾಗಿದವು, ಎರಡನೆಯದಕ್ಕೆ ಗೆಡ್ಡೆಯೇ ಮೆತ್ತಗಾಯಿತು. ಮಲೆನಾಡಿನವರು ಇದಕ್ಕೆ ದುಡ್ಡು ಹಾಕಬೇಡಿ.

ಆಂಪ್ಯುಲೇರಿಯಾ ಮೇಲೆ ನನಗೆ ಪ್ರೀತಿ ಜಾಸ್ತಿ, ಯಾಕೆಂದರೆ ಇದು ದರಗು ತಿನ್ನುವ ಗಿಡ. ಆಗ್ನೇಯ ಏಷ್ಯಾದ ತಗ್ಗು ಕಾಡುಗಳಲ್ಲಿ, ಮರದ ಬುಡದಲ್ಲಿ, ಸಣ್ಣ ಕುಡಿಕೆಗಳ ಗುಂಪಿನಂತೆ ನೆಲಕ್ಕೆ ಕೂತಿರುತ್ತದೆ. ಬೇರೆ ಹೂಜಿಗಳ ಮುಚ್ಚಳ ಬಾಯಿಯ ಮೇಲೆ ಕೊಡೆ ಹಿಡಿದರೆ, ಇದರದ್ದು ಹಿಂದಕ್ಕೆ ಮಡಚಿಕೊಂಡು ಮೇಲಿಂದ ಬಿದ್ದದ್ದಕ್ಕೆಲ್ಲ ದಾರಿ ಬಿಡುತ್ತದೆ. ಎಲೆಯ ಸಾರಜನಕದಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಉದುರಿದ ಎಲೆಗಳಿಂದಲೇ ಬರುತ್ತದೆಂದು ಅಳೆದು ನೋಡಿದವರಿದ್ದಾರೆ. ಸೊಪ್ಪಿನಬೆಟ್ಟದ ದರಗು ತಂದು ತೋಟಕ್ಕೆ ಹಾಕುವ ನಮಗೆ ಇಂಥ ಗಿಡ ನೆಂಟನ ಹಾಗೆ ಕಾಣದಿದ್ದರೆ ಹೇಗೆ?

ಜಗಲಿಯಿಂದ ಇಳಿಸಿ ಇದನ್ನು ಮೊದಲು ಹಲಸಿನ ಮರದಡಿ ಇಟ್ಟೆ. ಹಲಸಿನೆಲೆ ಕುಡಿಕೆಗಿಂತ ದೊಡ್ಡದು, ಬಾಯಿ ಮೇಲೆ ತಟ್ಟೆ ಮುಚ್ಚಿದ ಹಾಗೆ ಕೂತಿತು. ಬಾವಿಕಟ್ಟೆ ಹತ್ತಿರದ ನೆಲ್ಲಿಮರದಡಿಗೆ ಸಾಗಿಸಿದೆ. ಸಣ್ಣ ಎಲೆ, ಸಲೀಸಾಗಿ ಒಳಗಿಳಿಯಿತು. ತೊಡಕು ಬಂದದ್ದು ಚಳಿಗೆ. ಡಿಸೆಂಬರ್ ರಾತ್ರಿ ಪಾದರಸ 14ಕ್ಕೆ ಇಳಿದಾಗ ಹೊಸ ಮೊಗ್ಗು ಕುಡಿಕೆಗಳು ಕಡಲೆಕಾಳಿನ ಗಾತ್ರದಲ್ಲೇ ಕಂದಿ ಉದುರಿದವು. ನೆಲ್ಲಿ ಎಲೆ ಉದುರಿಸುವುದೂ ಆಗಲೇ. ಊಟ ಬಡಿಸುವ ಹೊತ್ತಿಗೆ ಉಣ್ಣುವವನ ಬಾಯಿ ಕಟ್ಟಿತ್ತು. ಗಿಡ ಸಾಯಲಿಲ್ಲ, ಏಪ್ರಿಲ್‌ನಿಂದ ಮತ್ತೆ ಚಿಗುರುತ್ತದೆ. ವರ್ಷಕ್ಕೆ ಏಳು ತಿಂಗಳ ಸಂಸಾರ.

ವೆಂಟ್ರಾಟಾ ಫಿಲಿಪ್ಪೀನ್ಸ್ ಮೂಲದ ಎರಡು ಜಾತಿಗಳ ಮಿಶ್ರತಳಿ. ಅದೇ 14 ಡಿಗ್ರಿಗೆ ಇದು ತಲೆ ಕೆಡಿಸಿಕೊಳ್ಳಲಿಲ್ಲ, ಬೇಸಿಗೆಯ 35ಕ್ಕೂ ಇಲ್ಲ. ಎಲೆಯ ತುದಿ ದಾರದ ಹಾಗೆ ಬೆಳೆದು, ಅದರ ಕೊನೆಯಲ್ಲಿ ಚಪ್ಪಟೆ ಮೊಗ್ಗು ಊದಿಕೊಂಡು, ಒಂದು ಬೆಳಿಗ್ಗೆ ಮುಚ್ಚಳ ತೆರೆಯುತ್ತದೆ. ಒಣಗಿದ ಹೂಜಿಯೊಂದನ್ನು ಅಡಿಕೆಗತ್ತಿಯಿಂದ ಉದ್ದಕ್ಕೆ ಸೀಳಿ ನೋಡಿದೆ. ತಳದಲ್ಲಿ ಒಂದಿಂಚು ಕಪ್ಪು ಗಸಿ, ಅದರಲ್ಲಿ ತಲೆಗಳು ಮಾತ್ರ. ಬಹುಪಾಲು ಚಗಳಿಯವು. ನಾವು ಚಟ್ನಿ ಅರೆಯುವ ಇರುವೆಯನ್ನು ಇದು ತನ್ನ ರಸದಲ್ಲೇ ಅರೆದಿತ್ತು. ಸೊಳ್ಳೆ ಹಿಡಿಯುತ್ತದಾ ಎಂದು ಬಂದವರೆಲ್ಲ ಕೇಳುತ್ತಾರೆ. ನಾನು ಸೀಳಿದ್ದರಲ್ಲಿ ಸೊಳ್ಳೆ ಒಂದೂ ಸಿಗಲಿಲ್ಲ. ಸೊಳ್ಳೆಗೆ ಪರದೆ ಕಟ್ಟಿಕೊಳ್ಳಿ.

'ಗಾಳಿಯಲ್ಲಿ ತೇವ ಇರಬೇಕು' ಎಂದು ಎಲ್ಲರೂ ಹೇಳುತ್ತಾರೆ, ಅದು ಬಯಲುಸೀಮೆಯವರ ಚಿಂತೆ. ಇಲ್ಲಿ ತೇವಕ್ಕೆ ಬರವಿಲ್ಲ, ಉಪ್ಪಿನ ಡಬ್ಬಿಯಲ್ಲೂ ನೀರು ಒಸರುತ್ತದೆ. ಬರ ಇರುವುದು ಬೆಳಕಿಗೆ. ಜೂನ್‌ನಿಂದ ಸೆಪ್ಟೆಂಬರ್ ತನಕ ನನ್ನ ವೆಂಟ್ರಾಟಾ ಎಲೆ ಬಿಟ್ಟಿತೇ ಹೊರತು ಒಂದು ಹೂಜಿ ಬಿಡಲಿಲ್ಲ. ಮಳೆ ಸಿಡಿಯದ, ಪೂರ್ವದ ಬೆಳಕು ಬೀಳುವ ಸೂರಿನ ಅಂಚಿಗೆ ತೂಗುಹಾಕಿದ ಮೇಲೆ ಎರಡನೇ ವರ್ಷ ಶ್ರಾವಣದಲ್ಲೇ ನಾಲ್ಕು ಬಂದವು. ಗೊಬ್ಬರ ಹಾಕಿದರೆ ಹೂಜಿ ಬರುತ್ತದೆಂದು ಬುಡಕ್ಕೆ ಸೆಗಣಿ ನೀರು ಹಾಕಿದವರನ್ನು ಕಂಡಿದ್ದೇನೆ. ಇದರ ಬೇರಿಗೆ ಅದು ವಿಷ.

ಆಗುಂಬೆಯಂಥ ಮಳೆಯ ಮಗ್ಗುಲಿಗೆ ಮೇಘಾಲಯದ ಹೂಜಿ ಗಿಡವೇ ಸರಿಯಲ್ಲವೇ ಅನ್ನಬಹುದು. ನಮ್ಮ ಘಟ್ಟದ ಜಂಬಿಟ್ಟಿಗೆ ನೆಲದಲ್ಲಿ ಡ್ರೊಸೆರಾ, ಯುಟ್ರಿಕ್ಯುಲೇರಿಯಾದಂಥ ಕೀಟಾಹಾರಿಗಳಿವೆ, ಹೂಜಿ ಗಿಡ ಇಲ್ಲ. ಭಾರತದ ಒಂದೇ ಒಂದು ಜಾತಿ ನೆಪೆಂತಿಸ್ ಖಾಸಿಯಾನಾ, ಅದು ಹುಟ್ಟುವುದು ಮೇಘಾಲಯದ ಗುಡ್ಡಗಳಲ್ಲಿ. ನನಗೂ ಆಸೆಯಿತ್ತು. ಆದರೆ ಅದು ಅಳಿವಿನಂಚಿನ ಗಿಡ, 1972ರ ವನ್ಯಜೀವಿ ಕಾಯ್ದೆಯ ರಕ್ಷಣೆಯಲ್ಲಿದೆ, ಕುಂಡದಲ್ಲಿಟ್ಟು ಆಡುವ ಸರಕಲ್ಲ. ಯಾರಾದರೂ 'ಅಸಲಿ ಕಾಡಿನದು' ಎಂದು ಕೊಡಲು ಬಂದರೆ ಬೇಡ ಅನ್ನಿ.

ನೀರಿನ ವಿಷಯ ಸುಲಭ. ನೀರಿನಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಅದ್ದಿ ನೋಡಿದರೆ ಬೋರ್‌ವೆಲ್ ನೀರು 310, ಹೆಂಚಿನ ಸೂರಿನಿಂದ ಹಂಡೆಗೆ ಹಿಡಿದ ನೀರು 12. ಐವತ್ತರ ಒಳಗಿದ್ದರೆ ನಿಶ್ಚಿಂತೆ. ಮೊದಲ ಎರಡು ಮಳೆ ಹೆಂಚು ತೊಳೆದುಹೋಗಲಿ, ಆಮೇಲೆ ಹಿಡಿದು ಡ್ರಮ್ಮಿಗೆ ಬಟ್ಟೆ ಕಟ್ಟಿಡಿ, ಬೇಸಿಗೆಗೆ ಸಾಕು.

ನಾನು ಎಡವಿದ್ದು ಬುಡದಲ್ಲಿ. ವೆಂಟ್ರಾಟಾ ಬಳ್ಳಿ ಉದ್ದವಾದಾಗ ಕತ್ತರಿಸಿ ಮೂರು ತುಂಡು ಬೇರು ಬರಿಸಿದೆ. ಒಂದನ್ನು ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಮತ್ತು ಪರ್ಲೈಟ್‌ನಲ್ಲಿ (ಹಗುರ ಬಿಳಿ ಹರಳು), ಒಂದನ್ನು ಸ್ಫ್ಯಾಗ್ನಂ ಪಾಚಿಯಲ್ಲಿ, ಒಂದನ್ನು ಅಡಿಕೆ ಸಿಪ್ಪೆಯಲ್ಲಿ ನೆಟ್ಟೆ. ಮನೆಯಲ್ಲೇ ರಾಶಿ ಬಿದ್ದಿರುವ ಸಿಪ್ಪೆಗೆ ಒಂದು ದಾರಿ ಸಿಕ್ಕಿತು ಅಂದುಕೊಂಡಿದ್ದೆ. ಎರಡೇ ತಿಂಗಳಿಗೆ ಸಿಪ್ಪೆ ಅರ್ಧಕ್ಕೆ ಕುಸಿದು, ಚೊಗರಿನ ಕೆಂಪು ನೀರು ಇಳಿದು, ಬುಡಕ್ಕೆ ಬಿಳಿ ಬೂಸ್ಟು ಬಂತು. ಗಿಡ ಕಿತ್ತರೆ ಬೇರೇ ಇಲ್ಲ. ಸ್ಫ್ಯಾಗ್ನಂ ಪುಷ್ಯ ಮಳೆಗೆ ಹಿಂಡದ ಬಟ್ಟೆಯ ಹಾಗೆ ನೆನೆದೇ ಕೂತು, ಮೇಲೆಲ್ಲ ಹಸಿರು ಲೋಳೆ ಕಟ್ಟಿತು. ಕೊಕೊಪೀಟ್ ಗೆದ್ದಿತು, ಆದರೆ ಒಂದು ಷರತ್ತು: ಅದರಲ್ಲಿ ಉಪ್ಪಿರುತ್ತದೆ. ಮೊದಲ ಸಲ ತೊಳೆದ ನೀರು ಮೀಟರಿನಲ್ಲಿ 600 ದಾಟಿತ್ತು. ನಾಲ್ಕು ಸಲ ಮಳೆನೀರಿನಲ್ಲಿ ನೆನೆಸಿ ಹಿಂಡಿದ ಮೇಲೆ ನೆಟ್ಟೆ.

ಸ್ಫ್ಯಾಗ್ನಂನ ಗಿಡವನ್ನು ಸಾಯುವ ಮುಂಚೆ ಶಿವಮೊಗ್ಗ ಪೇಟೆಯಲ್ಲಿರುವ ತಂಗಿಗೆ ಕೊಟ್ಟೆ. ಅಲ್ಲಿ ಮಾರ್ಚ್‌ನ ಒಣಗಾಳಿಗೆ ಅದೇ ಪಾಚಿ ದೇವರಾಯಿತು. ಅವಳ ಬಾಲ್ಕನಿಯಲ್ಲಿ ಕೊಕೊಪೀಟ್ ಸಂಜೆಗೆ ಒಣಗುತ್ತದೆ, ಪಾಚಿ ಎರಡು ದಿನ ತಡೆಯುತ್ತದೆ. ಮೂವತ್ತು ನಲವತ್ತು ಮೈಲಿ ದೂರಕ್ಕೆ ನನ್ನ ಲೆಕ್ಕವೆಲ್ಲ ತಿರುಗುಮುರುಗು.

ಕಳೆದ ವರ್ಷ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆಸುವ ದಿನ ಕುಂಡ ಒಳಗಿಡುವುದು ಮರೆತೆ. ತೋಟದಂಚಿನಿಂದ ಗಾಳಿಗೆ ಬಂದ ಮೈಲುತುತ್ತದ ಹನಿ ವೆಂಟ್ರಾಟಾದ ಎಲೆ ಮೇಲೆ ನೀಲಿ ಚುಕ್ಕೆಯಿಟ್ಟಿತು, ಚಿಗುರು ಸುಟ್ಟಿತು. ತುದಿ ಕತ್ತರಿಸಿ ಹಂಡೆ ನೀರಲ್ಲಿ ತೊಳೆದೆ. ಆರು ವಾರಕ್ಕೆ ಬುಡದಿಂದ ಎರಡು ಹೊಸ ಮೊಳಕೆ ಬಂದವು. ಈಗ ಔಷಧಿ ಹೊಡೆಯುವವರು ಅಂಗಳಕ್ಕೆ ಬಂದೊಡನೆ, ಕಾಫಿ ಕೇಳುವ ಮುಂಚೆ, "ನಿಮ್ಮ ಇರುವೆ ತಿನ್ನೋ ಗಿಡ ಒಳಗಿಟ್ರಾ?" ಎಂದು ಕೇಳುತ್ತಾರೆ.