ಮನೆಯ ಧ್ವನಿಮುದ್ರಣಕ್ಕೆ ಸೌಂಡ್ ಕಾರ್ಡೇ, ಇಂಟರ್‌ಫೇಸೇ?

ಮೈಸೂರಿನ ಮನೆಯಲ್ಲಿ ವೀಣೆ ನುಡಿಸಿ ಮುದ್ರಿಸಿಕೊಳ್ಳಲು ಕಂಪ್ಯೂಟರಿನೊಳಗಿನ ಸೌಂಡ್ ಕಾರ್ಡ್, ಹೊರಗಿನಿಂದ ಜೋಡಿಸುವ ಆಡಿಯೊ ಇಂಟರ್‌ಫೇಸ್ (ಮೈಕಿನ ಧ್ವನಿಯನ್ನು ಕಂಪ್ಯೂಟರಿಗೆ ತಲುಪಿಸುವ ಪೆಟ್ಟಿಗೆ), ಇವೆರಡರಲ್ಲಿ ಯಾವುದು ಸೂಕ್ತವೆಂದು ಕೇಳಿದ್ದೀರಿ. ಸಾಧಾರಣ ಸೌಂಡ್ ಕಾರ್ಡಿನ ಬೆಲೆ ಕಡಿಮೆ, ಕಂಪ್ಯೂಟರಿನೊಳಗೇ ಕೂರುವುದರಿಂದ ಬಾಳಿಕೆಯ ಚಿಂತೆಯೂ ಕಡಿಮೆ. ಆದರೆ ಮೀಟಿನ ನಂತರ ನಿಧಾನವಾಗಿ ಆರುವ ತಂತಿಯ ನಾದವನ್ನು ಹಿಡಿಯುವಾಗ, ಪಕ್ಕದ ಬಿಡಿಭಾಗಗಳ ವಿದ್ಯುತ್ ಗದ್ದಲ ಅದರಲ್ಲಿ ನುಸುಳುವ ಸಂಭವವಿದೆ. ಮೇಲಾಗಿ, ಕಂಡೆನ್ಸರ್ ಮೈಕುಗಳು (ಸೂಕ್ಷ್ಮ ನಾದವನ್ನೂ ಹಿಡಿಯುವ ಬಗೆಯವು) ಸಾಮಾನ್ಯವಾಗಿ ಬಯಸುವ 48 ವೋಲ್ಟ್ ಫ್ಯಾಂಟಮ್ ಪವರ್, ಅಂದರೆ ಮೈಕಿನ ಕೇಬಲಿನಲ್ಲೇ ಹರಿದುಬರುವ ವಿದ್ಯುತ್ತು, ಅಂಥ ಕಾರ್ಡುಗಳಲ್ಲಿ ಇರುವುದಿಲ್ಲ. ಯುಎಸ್‌ಬಿ ಇಂಟರ್‌ಫೇಸುಗಳಲ್ಲಿ ಪ್ರೀಆಂಪ್ (ಮೈಕಿನ ಕ್ಷೀಣ ಸಂಕೇತವನ್ನು ಹಿಗ್ಗಿಸುವ ಭಾಗ), ಎಕ್ಸ್‌ಎಲ್‌ಆರ್ ಸಾಕೆಟ್ಟು (ಮೂರು ಪಿನ್ನಿನ ಮೈಕ್ ಕೇಬಲ್ ಚುಚ್ಚುವ ಜಾಗ), ಫ್ಯಾಂಟಮ್ ಪವರ್ ಬಹುಮಟ್ಟಿಗೆ ಒಟ್ಟಿಗೇ ಸಿಗುತ್ತವೆ. ಡೈರೆಕ್ಟ್ ಮಾನಿಟರಿಂಗ್ ಇದ್ದರೆ ನುಡಿಸುತ್ತಲೇ ತಡವಿಲ್ಲದೆ ಹೆಡ್‌ಫೋನಿನಲ್ಲಿ ಕೇಳಿಕೊಳ್ಳಬಹುದು. (ಮೈಕಿಗೂ ಕೇಬಲಿಗೂ ಹಣ ಎತ್ತಿಡಿ, ಹಲವರು ಇದನ್ನು ಮರೆಯುತ್ತಾರೆ.) ಲ್ಯಾಪ್‌ಟಾಪ್ ಹಿಡಿದು ಮಂಡ್ಯದ ಸಂಗೀತ ಕಛೇರಿಗೂ ಹೋಗುವವರಿಗೆ ಇಂಟರ್‌ಫೇಸೇ ಸರಿ. ಫ್ಯಾಂಟಮ್ ಪವರ್ ಇರುವ ಆಡಿಯೊ ಮಿಕ್ಸರ್ (ಮೈಕುಗಳ ಧ್ವನಿಯನ್ನು ಬೆರೆಸಿ ಹದಗೊಳಿಸುವ ಸಾಧನ) ಮನೆಯಲ್ಲಿದ್ದು ಡೆಸ್ಕ್‌ಟಾಪ್ ಕದಲುವುದೇ ಇಲ್ಲವೆಂದಾದರೆ, ಅದನ್ನು ಕಾರ್ಡಿನ ಲೈನ್-ಇನ್‌ಗೆ (ಇತರ ಸಾಧನಗಳ ಧ್ವನಿ ಒಳಬರುವ ಸಾಕೆಟ್ಟಿಗೆ) ಜೋಡಿಸಿ ಅಭ್ಯಾಸ ಮುದ್ರಿಸಿಕೊಳ್ಳಲು ಅಡ್ಡಿಯಿಲ್ಲ.