ಲಾಲ್‌ಬಾಗಾ, ಕಬ್ಬನ್ ಪಾರ್ಕಾ?

ಬೆಂಗಳೂರಿನಲ್ಲಿ ಮರ ನೋಡಲು ಎಲ್ಲಿಗೆ ಹೋಗಲಿ ಎಂದು ಯಾರಾದರೂ ಕೇಳಿದರೆ ನಾನು ತಿರುಗಿ ಕೇಳುವುದು ಒಂದೇ: ನಿಮಗೆ ಮರದ ಪರಿಚಯ ಬೇಕಾ, ಒಳ್ಳೆ ಫೋಟೊ ಬೇಕಾ? ಪರಿಚಯ ಬೇಕಿದ್ದರೆ ಲಾಲ್‌ಬಾಗ್. ಫೋಟೊ ಬೇಕಿದ್ದರೆ ಕಬ್ಬನ್ ಪಾರ್ಕ್. ಎರಡೂ ಕಡೆ ವರ್ಷಗಟ್ಟಲೆ ಕ್ಯಾಮೆರಾ ಹೆಗಲಿಗೇರಿಸಿಕೊಂಡು ಸುತ್ತಿದ ಮೇಲೆ ಬಂದ ತೀರ್ಮಾನ ಇದು. ಲಾಲ್‌ಬಾಗ್ ಅಭಿಮಾನಿಗಳು ಜಗಳಕ್ಕೆ ಬಂದರೆ ಬರಲಿ.

ಲಾಲ್‌ಬಾಗ್ ಹುಟ್ಟಿದ್ದೇ ಗಿಡಗಳನ್ನು ತಂದು ಬೆಳೆಸುವ ಆಸೆಯಿಂದ. 1760ರಲ್ಲಿ ಹೈದರ್ ಅಲಿ ಶುರು ಮಾಡಿದ ತೋಟ. ಟಿಪ್ಪು ಬೆಳೆಸಿದ. ಆಮೇಲೆ ಬಂದ ಬ್ರಿಟಿಷ್ ತೋಟಗಾರರೂ ಊರೂರಿನ ಸಸಿ ತರಿಸಿ ನೆಟ್ಟರು. ಹಾಗಾಗಿ ಈಗಿನ 240 ಎಕರೆಯಲ್ಲಿ ಹತ್ತು ಹೆಜ್ಜೆಗೊಂದು ಹೊಸ ಮರ. ಬುಡದಲ್ಲಿ ಹೆಸರಿನ ಬೋರ್ಡು. ಕಲಿಯುವವರಿಗೆ ಇದಕ್ಕಿಂತ ಒಳ್ಳೆ ಜಾಗ ಈ ಊರಲ್ಲಿಲ್ಲ. ಕೃಷ್ಣ ಆಲದ ಎಲೆ ಬುಡದಲ್ಲಿ ದೊನ್ನೆಯ ಹಾಗೆ ಮಡಚಿಕೊಂಡಿರುವುದನ್ನು ನಾನು ಕಣ್ಣಾರೆ ಕಂಡದ್ದು ಇಲ್ಲಿಯೇ.

ಆದರೆ ಕ್ಯಾಮೆರಾ ಎತ್ತಿದರೆ ಇದೇ ವೈವಿಧ್ಯ ಕಾಟ ಕೊಡುತ್ತದೆ. ಒಂದು ಮರಕ್ಕೆ ಗುರಿಯಿಟ್ಟರೆ ಪಕ್ಕದ ಇನ್ನೆರಡು ಚೌಕಟ್ಟಿನೊಳಗೆ ನುಗ್ಗುತ್ತವೆ. ಜೊತೆಗೆ ಬೆಂಚು, ಬೇಲಿ, ಕಸದ ಡಬ್ಬ. ಹಳೇ ಬಿಳಿ ಬೂರುಗದ ಬೇರುಗಳು ಗೋಡೆಯಂತೆ ಎದ್ದು ನಿಂತಿವೆ. ಪೂರ್ತಿ ಹಿಡಿಯಲು ಫೋನಿನ ವೈಡ್ ಲೆನ್ಸ್ ಹಾಕಿದರೆ ಕಾಂಡ ಸೊಟ್ಟಗಾಗುತ್ತದೆ. ಪೂರ್ತಿ ಮರದ ಆಸೆ ಬಿಟ್ಟು ಬೇರಿನ ಒಂದು ಮಡಿಕೆಯನ್ನಷ್ಟೇ ತೆಗೆಯುವುದು ಜಾಣತನ. ನಾಗಲಿಂಗ ಪುಷ್ಪ ಮಾತ್ರ ಪುಣ್ಯಕ್ಕೆ ಕಾಂಡದಿಂದಲೇ ಹೊರಡುತ್ತದೆ. ಎಷ್ಟೋ ಸಲ ಹೂವು ಕೈಗೆಟುಕುವ ಎತ್ತರದಲ್ಲೇ ಸಿಗುತ್ತದೆ. ದುಬಾರಿ ಜೂಮ್ ಲೆನ್ಸ್ ಇಲ್ಲದವರು ಅಲ್ಲಿಂದಲೇ ಶುರು ಮಾಡಬಹುದು.

ಇನ್ನು ಫ್ಲವರ್ ಶೋ. ಗಣರಾಜ್ಯೋತ್ಸವಕ್ಕೊಂದು, ಸ್ವಾತಂತ್ರ್ಯ ದಿನಕ್ಕೊಂದು. 1889ರಲ್ಲಿ ಅಡಿಗಲ್ಲು ಹಾಕಿದ ಗಾಜಿನಮನೆಯೊಳಗೆ ಹೂವಿಗಿಂತ ತಲೆಗಳೇ ಜಾಸ್ತಿ. ಸುಮ್ನೆ ನಿಂತು ಒಂದು ಗಿಡ ನೋಡೋಣ ಎಂದರೆ ಹಿಂದಿನವರು ತಳ್ಳುತ್ತಾರೆ. ಹೋಗಲೇಬೇಕು ಎಂದಿದ್ದರೆ ಆಗಸ್ಟಿನ ಶೋ ನನಗಿಷ್ಟ. ಮೋಡದ ಬೆಳಕು ಮೆತ್ತಗಿರುತ್ತದೆ, ಕೆಂಪು ಹೂವಿನ ಎಸಳುಗಳ ಗೆರೆ ಉಳಿಯುತ್ತದೆ. ಜನವರಿಯ ಬಿರುಬಿಸಿಲಿನಲ್ಲಿ ಬಿಳಿ ಹೂವುಗಳು ಫೋಟೊದಲ್ಲಿ ಬರೀ ಬಿಳಿ ಚುಕ್ಕೆ ಆಗಿಬಿಡುತ್ತವೆ.

ಕಬ್ಬನ್ ಪಾರ್ಕಿನ ಕಥೆ ಬೇರೆ. 1870ರಲ್ಲಿ ರಿಚರ್ಡ್ ಸ್ಯಾಂಕಿ ಎಂಬ ಎಂಜಿನಿಯರ್ ಇದನ್ನು ರೂಪಿಸಿದ. ಎಂಜಿನಿಯರ್ ಕೈ ಎಂಬುದು ಈಗಲೂ ಕಾಣುತ್ತದೆ: ನೇರ ದಾರಿ, ಸಾಲು ಮರ, ನಡುವೆ ಬಯಲು. ಫೋಟೊ ತೆಗೆಯುವವರಿಗೆ ಬೇಕಾದದ್ದು ಹಿಂದೆ ಸರಿಯಲು ಜಾಗ. ಅದು ಇಲ್ಲಿದೆ. ಮಳೆಮರದ ಕೊಡೆಯನ್ನು ತುದಿಯಿಂದ ತುದಿಗೆ ಹಿಡಿಯಬಹುದು. ಹಿನ್ನೆಲೆಗೆ ಹೈಕೋರ್ಟ್ ಇರುವ ಅಠಾರಾ ಕಚೇರಿಯ ಕೆಂಪು ಗೋಡೆ ಸಿಕ್ಕರೆ ಹಸಿರು ಇನ್ನಷ್ಟು ಹಸಿರಾಗುತ್ತದೆ. ಚಳಿಗಾಲದ ಬೆಳಿಗ್ಗೆ ಬಿದಿರು ಮೆಳೆಗಳ ಸಂದಿಯಿಂದ ಬಿಸಿಲು ಕೋಲುಕೋಲಾಗಿ ಇಳಿಯುವಾಗ ಎಂಥ ಹೊಸಬರಿಗೂ ಒಂದಾದರೂ ಒಳ್ಳೆ ಫೋಟೊ ಸಿಗುತ್ತದೆ. ಭಾನುವಾರ ಒಳಗೆ ವಾಹನ ಬಿಡುವುದಿಲ್ಲ, ರಸ್ತೆ ಮಧ್ಯೆಯೇ ನಿಲ್ಲಬಹುದು. ಜನ ಮಾತ್ರ ಇದ್ದೇ ಇರುತ್ತಾರೆ, ಅವರ ನಾಯಿಗಳೂ.

ಒಂದು ಹೂವು ಮುಗಿಯುವಷ್ಟರಲ್ಲಿ ಇನ್ನೊಂದು ಅರಳುವಂತೆ ಮರ ಆರಿಸಿ ನೆಡಬೇಕು ಎಂಬುದು 1908ರಲ್ಲಿ ಮೈಸೂರು ಸರ್ಕಾರದ ಸೇವೆಗೆ ಬಂದ ಜರ್ಮನ್ ತೋಟಗಾರ ಕ್ರುಂಬಿಗಲ್ ಅವರ ಲೆಕ್ಕಾಚಾರ. ಅದರ ಲಾಭ ಊರಿಗೆಲ್ಲ ಸಿಕ್ಕಿದೆ. ಗುಲಾಬಿ ಟಬೆಬುಯಾ, ಆಮೇಲೆ ನೀಲಿ ಜಕರಂಡ, ಬೇಸಿಗೆಗೆ ಗುಲ್‌ಮೊಹರ್. ಆದರೆ ಈ ಮೆರವಣಿಗೆಯನ್ನು ನೋಡಲು ನಾನು ಕಬ್ಬನ್ ಪಾರ್ಕಿಗೇ ಹೋಗುತ್ತೇನೆ.

ಇಲ್ಲಿನ ಕೊರತೆ ಎಂದರೆ ಹೆಸರು. ಲಾಲ್‌ಬಾಗಿನಷ್ಟು ಬೋರ್ಡುಗಳು ಕಣ್ಣಿಗೆ ಬೀಳುವುದಿಲ್ಲ. ಗಿಡ ಗುರುತಿಸುವ ಫೋನ್ ಆ್ಯಪ್‌ಗೆ ಹೂವಿನ ಫೋಟೊ ಕೊಟ್ಟರೆ ಪರವಾಗಿಲ್ಲ. ಬರೀ ಎಲೆ ಕೊಟ್ಟರೆ ಒಂದೇ ಮರಕ್ಕೆ ಬೇರೆ ಬೇರೆ ಹೆಸರು ಹೇಳುತ್ತದೆ. ಬೋರ್ಡು ಅದಕ್ಕಿಂತ ನಂಬಿಕಸ್ತ, ಆದರೆ ಹೆಸರು ಹೇಳಿ ಸುಮ್ಮನಾಗುತ್ತದೆ. ಮರದ ಗುಣ, ಹಟ, ಸಂಸಾರ ತಿಳಿಯಬೇಕಾದರೆ ಪುಸ್ತಕವೇ ಬೇಕು. ನನ್ನ ಮಟ್ಟಿಗೆ ಆ ಪುಸ್ತಕ ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’. ಸಸ್ಯಶಾಸ್ತ್ರದ ಮೇಷ್ಟ್ರು ವಿದ್ಯಾರ್ಥಿಗಳನ್ನು ಕಾಡಿಗೆ ಕರೆದುಕೊಂಡು ಹೋದ ಕಥೆ. 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯೂ ಬಂತು. ಅದರಲ್ಲಿನ ರೇಖಾಚಿತ್ರಗಳನ್ನು ನೋಡಿದ ಮೇಲೆ ನಾನು ಫೋಟೊ ತೆಗೆಯುವ ರೀತಿಯೇ ಬದಲಾಯಿತು. ಈಗ ಹೂವಿನ ಜೊತೆ ಎಲೆ ಕೊಂಬೆಗೆ ಸೇರುವ ಜಾಗ, ಎಲೆಯ ಬೆನ್ನು, ತೊಗಟೆ, ಕಾಯಿ ಎಲ್ಲವನ್ನೂ ತೆಗೆಯುತ್ತೇನೆ. ಇವುಗಳಲ್ಲಿ ಒಂದನ್ನೂ ಫ್ರೇಮ್ ಹಾಕಿಸಿ ಗೋಡೆಗೆ ತೂಗುಹಾಕುವಂತಿಲ್ಲ. ಮನೆಗೆ ಬಂದು ಮರ ಗುರುತಿಸಲು ಮಾತ್ರ ಇವೇ ಬೇಕು.

ಮೊದಲು ಓದಿ ಆಮೇಲೆ ನೋಡುವುದೋ, ನೋಡಿ ಆಮೇಲೆ ಓದುವುದೋ? ನನ್ನ ಓಟು ಎರಡನೆಯದಕ್ಕೆ. ಕಾಣದ ಗಿಡದ ವರ್ಣನೆ ತಲೆಯಲ್ಲಿ ನಿಲ್ಲುವುದಿಲ್ಲ. ಈ ವಿಷಯದಲ್ಲೂ ಕಬ್ಬನ್ ಪಾರ್ಕಿಗೇ ಒಂದು ಅಂಕ ಜಾಸ್ತಿ, ಕೇಂದ್ರ ಗ್ರಂಥಾಲಯದ ಕೆಂಪು ಕಟ್ಟಡ ಅದರ ಒಳಗೇ ಇದೆಯಲ್ವಾ.

ಒಂದೇ ದಿನ ಇದೆ, ಎರಡೂ ಬೇಕು ಎನ್ನುವವರು ಬೆಳಕು ಹರಿಯುವಾಗಲೇ ಕಬ್ಬನ್ ಪಾರ್ಕ್ ಮುಗಿಸಿ. ಬಿಸಿಲೇರಿದ ಮೇಲೆ ಅಲ್ಲಿಂದಲೇ ನೇರಳೆ ಮೆಟ್ರೊ ಹತ್ತಿ, ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿ ಲಾಲ್‌ಬಾಗ್‌ನಲ್ಲಿ ಇಳಿಯಿರಿ. ನೆತ್ತಿಯ ಮೇಲಿನ ಬಿಸಿಲಿನಲ್ಲಿ ಫೋಟೊ ಹೇಗೂ ಚೆನ್ನಾಗಿ ಬರುವುದಿಲ್ಲ, ಬೋರ್ಡು ಓದಲು ಅದೇನೂ ಅಡ್ಡಿಯಿಲ್ಲ.